ಭಟ್ಟಿಯ ಗೋಡೆಗೆ ಒರಗಿದ ಮರಿ

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಎನ್ನುತ್ತಾರೆ. ನಮ್ಮ ಮಾವ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಹಾಗಾಗಿ ನನಗೆ ಆ ಕಟ್ಟುಪಾಡಿಲ್ಲ. ಈಗಲೂ ಬೇಕರಿಯ ಹಿಂದಿನ ಕೋಣೆಗೆ ಹೋದರೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಹುಬ್ಬು ಗಂಟಿಕ್ಕಿಕೊಂಡು, ಮರದ ತೊಟ್ಟಿಯ ಮೇಲೆ ಬಗ್ಗಿ ನಿಂತಿರುತ್ತಾರೆ. ಬೀದಿಯವರು ಅವರಿಗೆ ಹುಳಿಯಪ್ಪ ಎಂದು ಹೆಸರಿಟ್ಟಿದ್ದಾರೆ. ಹಿಟ್ಟು ಹುಳಿ ಬರಿಸುತ್ತಾರೆಂದು ಬಂದ ಹೆಸರಲ್ಲ ಅದು, ಮುಖ ನೋಡಿ ಇಟ್ಟಿದ್ದು. ಬೆಳಿಗ್ಗೆ ಬನ್ನು ಕೊಳ್ಳಲು ಬಂದ ಮಗು ನಕ್ಕರೆ, “ಏನದು ಹಲ್ಲು? ಚಿಲ್ಲರೆ ಇದ್ಯಾ?” ಎನ್ನುವ ಜಾತಿ. ಅದಕ್ಕೇ ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರನ್ನು ಗಲ್ಲಾದಿಂದ ಎಬ್ಬಿಸಿ ಒಳಗೆ ಕಳಿಸಿದ್ದು. ಗಿರಾಕಿಗಳು ಇವತ್ತಿಗೂ ನನ್ನನ್ನು ಹರಸುತ್ತಾರೆ.

ನಮ್ಮದು ಊರಿನ ಕೊನೆಯ ಬೀದಿಯ ಕೊನೆಯ ಕಟ್ಟಡ. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಮೈದಾಹಿಟ್ಟಿನ ಚೀಲ ಪೇರಿಸಿದ ಕತ್ತಲೆ ಕೋಣೆ, ಅದರ ಹಿಂದೆ ಭಟ್ಟಿಯ ಮನೆ. ಭಟ್ಟಿ ಹಳೆಯದು, ಸೌದೆಯದು, ಒಂದು ಸಣ್ಣ ಕೋಣೆಯಷ್ಟು ದೊಡ್ಡದು. ಅದರ ಬೆನ್ನುಗೋಡೆ ಹಿತ್ತಿಲಿಗೆ ಚಾಚಿಕೊಂಡಿದೆ. ಬೆಳಗಿನ ಬ್ರೆಡ್ಡು ಬೆಂದು ಬೆಂಕಿ ಆರಿದ ಮೇಲೂ ಆ ಇಟ್ಟಿಗೆಗಳು ಸಂಜೆಯವರೆಗೆ ಬೆಚ್ಚಗೆ ಇರುತ್ತವೆ. ಹಿತ್ತಿಲಾಚೆ ಹರಿದ ತಂತಿಬೇಲಿ, ಬೇಲಿಯಾಚೆ ಕುರುಚಲು, ಕುರುಚಲಿನಾಚೆ ಗುಡ್ಡದ ಕಾಡು. ಕಾಡಿನ ಜೀವಗಳಿಗೆ ನಮ್ಮ ಗೋಡೆಯ ಗುಟ್ಟು ಯಾರು ಹೇಳಿಕೊಟ್ಟರೋ! ಚಳಿಗಾಲದಲ್ಲಿ ಒಂದು ಮೊಲ ಬಂದು ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿತ್ತು. ಕೇರೆಹಾವು ಬುಡದಲ್ಲಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಒಮ್ಮೆ ಒಂದು ಮುಳ್ಳುಹಂದಿ ಬಂದು ನಾನು ಒಣಗಲು ಹಾಕಿದ್ದ ತಟ್ಟೆಗಳ ನಡುವೆ ಯಜಮಾನನ ಹಾಗೆ ಓಡಾಡಿ ಹೋಯಿತು. ನಮ್ಮತ್ತೆ ಅಡುಗೆಮನೆಯ ಕಿಟಕಿಯಲ್ಲಿ ಗದ್ದ ಊರಿ ಇದನ್ನೆಲ್ಲ ನೋಡುತ್ತ ನಿಲ್ಲುತ್ತಿದ್ದರು. ಅವರಿಗೆ ಬೇರೆ ಸುಖ ಇರಲಿಲ್ಲ.

ಯಾಕೆಂದರೆ ಈ ಗಂಡ ಹೆಂಡತಿಗೆ ಮಾತಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದವರು ನಮ್ಮ ಮನೆಗೆ ಬಂದಿರಲಿಲ್ಲ. ನಾನು ಮದುವೆಯಾಗಿ ಬಂದಾಗಲೇ ಇವರ ಮೌನಕ್ಕೆ ವಯಸ್ಸಾಗಿತ್ತು. ಇಬ್ಬರೂ ಒಂದೇ ಮೇಜಿಗೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಊಟಕ್ಕೆ ಕೂರುತ್ತಿದ್ದರು. ಮಾವ ನನ್ನ ಕಡೆ ನೋಡಿ, “ಏನಮ್ಮಾ, ನಿಮ್ಮತ್ತೆಗೆ ಹೇಳು, ಅಡುಗೆಗೆ ಉಪ್ಪು ಜಾಸ್ತಿಯಾಗಿದೆ ಅಂತ,” ಎನ್ನುತ್ತಿದ್ದರು. ಅತ್ತೆಯೂ ನನ್ನ ಕಡೆಯೇ ನೋಡಿ, “ನಿಮ್ಮ ಮಾವಂಗೆ ಹೇಳು, ನಾಲಗೆ ಉದ್ದ ಇರೋರಿಗೆ ಎಲ್ಲಾ ಜಾಸ್ತೀನೇ ಅನ್ಸುತ್ತೆ ಅಂತ,” ಎನ್ನುತ್ತಿದ್ದರು. ಹೊಸತರಲ್ಲಿ ಪೆದ್ದಿಯ ಹಾಗೆ ಅತ್ತಿಂದಿತ್ತ ಎರಡೆರಡು ಸಲ ಒಪ್ಪಿಸುತ್ತಿದ್ದೆ. ಆಮೇಲೆ ತಲೆ ಚಿಟ್ಟು ಹಿಡಿದು, “ಕೇಳಿಸ್ತಲ್ಲ?” ಎಂದಷ್ಟೇ ಹೇಳಿ ನನ್ನ ತುತ್ತು ನಾನು ನುಂಗುತ್ತಿದ್ದೆ. ನಮ್ಮೆಜಮಾನರಂತೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ “ಲೋ” ಬಿಟ್ಟರೆ ಇನ್ನೊಂದು ಹೆಸರು ಕೇಳದ ಗಂಡಸು ಅವರು.

ಮೌನಕ್ಕೆ ಕಾರಣ ಒಂದು ಬೆಕ್ಕು. ಅದು ಅತ್ತೆಯ ಬೆಕ್ಕು. ಮೈದಾ ಕೋಣೆಯಲ್ಲಿ ಮರಿ ಹಾಕಿತ್ತಂತೆ. ಮಾವ ತಾಯಿಯನ್ನೂ ಮರಿಗಳನ್ನೂ ಒಂದು ಖಾಲಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಮುಚ್ಚಿಟ್ಟರೇ? ಇಲ್ಲ. ಊಟಕ್ಕೆ ಕೂತಾಗ, “ಬೆಕ್ಕನ್ನ ಮುಳುಗಿಸಿದೆ, ಹಿಟ್ಟಲ್ಲಿ ಕೂದಲು ಬೀಳ್ತಿತ್ತು,” ಎಂದು ತಾವೇ ಹೇಳಿದರು. ಅದಕ್ಕೂ ಮೊದಲು ಅತ್ತೆಯ ಕೋಳಿಗಳನ್ನು ಮಾರಿದ್ದರು, ಹೂವಿನ ಪಾತಿಯ ಮೇಲೆ ಭಟ್ಟಿಯ ಬಿಸಿಬೂದಿ ಸುರಿದಿದ್ದರು. ಹಗೆಯಿಂದಲ್ಲ. ಪ್ರಯೋಜನವಿಲ್ಲದ್ದು ಮನೆಯಲ್ಲಿ ಉಸಿರಾಡುವುದನ್ನು ಅವರು ಸಹಿಸುವುದಿಲ್ಲ, ಅಷ್ಟೆ. ಹಗೆಯಾಗಿದ್ದರೆ ಅತ್ತೆ ಒಂದು ದಿನ ಕ್ಷಮಿಸುತ್ತಿದ್ದರೇನೋ. ಅವತ್ತು ಅತ್ತೆ ತಟ್ಟೆ ಸರಿಸಿ, “ಭಟ್ಟಿ ನಿಮ್ಮದು, ಹಿತ್ತಿಲು ನಂದು. ಇನ್ನು ನಿಮ್ಮ ಹತ್ರ ನನಗೆ ಮಾತಿಲ್ಲ,” ಎಂದು ಎದ್ದರಂತೆ. ಆಡಿದ ಮಾತನ್ನು ಉಳಿಸಿಕೊಂಡರು.

ಇಂಥ ಮನೆಯ ಹಿತ್ತಿಲಿಗೆ ಒಂದು ಜಿಂಕೆ ತನ್ನ ಮರಿಯನ್ನು ತಂದು ಬಚ್ಚಿಟ್ಟಿತು ನೋಡಿ, ಅದರ ಹಣೆಬರಹಕ್ಕೆ ಏನು ಹೇಳೋಣ!

ಒಂದು ಬೆಳಿಗ್ಗೆ ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನು ಕಿಟಕಿಗೆ ಕರೆದರು. ಭಟ್ಟಿಯ ಗೋಡೆಯ ಬುಡದಲ್ಲಿ ಒಣಗಿದೆಲೆಯ ಗುಡ್ಡೆಯ ಹಾಗೆ ಏನೋ ಬಿದ್ದಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಮೈಮೇಲೆ ಬಿಳಿ ಚುಕ್ಕಿ, ಮಡಚಿಟ್ಟ ಕಡ್ಡಿಕಾಲು, ಅಗಲಿಸಿದ ಕಿವಿ. ಹುಟ್ಟಿ ನಾಲ್ಕು ದಿನವೂ ಆಗಿರಲಿಕ್ಕಿಲ್ಲ. “ಅಯ್ಯೋ ಪಾಪ, ಯಾರೂ ಇಲ್ವೇನೋ, ಎತ್ಕೊಂಡ್ ಬರ್ಲಾ?” ಎಂದೆ.

“ಮುಟ್ಟಿದ್ರೆ ಕೈ ಮುರೀತೀನಿ,” ಎಂದರು ಅತ್ತೆ. “ಅನಾಥ ಅಲ್ಲ ಅದು. ತಾಯಿ ಬಚ್ಚಿಟ್ಟು ಮೇಯೋಕೆ ಹೋಗಿದ್ದಾಳೆ. ಸಂಜೆ ಬರ್ತಾಳೆ ನೋಡ್ತಿರು.”

ಸಂಜೆ ತಾಯಿ ಬಂತು. ಬೇಲಿಯ ಹರುಕಿನಲ್ಲಿ ನುಸುಳಿ, ಹೆಜ್ಜೆಗೊಮ್ಮೆ ನಿಂತು, ಮರಿಗೆ ಹಾಲೂಡಿಸಿ, ಮೈ ನೆಕ್ಕಿ, ಬಂದ ಹಾಗೆಯೇ ಹೋಯಿತು. ಮಾರನೆಯ ದಿನವೂ ಹಾಗೆಯೇ. ಅತ್ತೆ ನನ್ನ ಮೂಲಕ ಮಾವನಿಗೆ ಕಟ್ಟಪ್ಪಣೆ ಹೊರಡಿಸಿದರು: ಹಿತ್ತಿಲ ಬಾಗಿಲು ತೆಗೆಯುವ ಹಾಗಿಲ್ಲ, ಸೌದೆ ಒಡೆಯುವುದಿದ್ದರೆ ಬೀದಿಯಲ್ಲಿ ಒಡೆಯಬೇಕು. ಮಾವ ನನ್ನ ಮೂಲಕ, “ಮರಿ ಬಂದ ಕಡೆ ಹಿಂದೇನೇ ನರಿ ಬರುತ್ತೆ ಅಂತ ಹೇಳು,” ಎಂದು ಉತ್ತರ ಕೊಟ್ಟರು. ಆದರೂ ಸೌದೆ ಬೀದಿಯಲ್ಲೇ ಒಡೆದರು.

ಆಗ ಒಂದು ಮಧ್ಯಾಹ್ನ ಬ್ರೆಡ್ಡಿಗೆ ಕಾಗದ ಸುತ್ತುತ್ತ ಕೂತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ ಹೇಳಿದರು: “ಈ ಮನೇಲಿ ನಾನು ಆಸೆಪಟ್ಟಿದ್ದು ಒಂದೂ ಜೀವಂತವಾಗಿ ಆಚೆ ಹೋಗ್ಲಿಲ್ಲ ಕಣೇ. ಇದೊಂದು ತನ್ನ ಕಾಲ ಮೇಲೆ ತಾನು ನಡ್ಕೊಂಡು ಆ ಬೇಲಿ ದಾಟಿ ಹೋಗೋದನ್ನ ಕಣ್ಣಾರೆ ನೋಡ್ಬೇಕು. ಇನ್ನೇನೂ ಬೇಡ ನಂಗೆ.” ನಾನು ಇನ್ನೊಂದು ಬ್ರೆಡ್ಡಿಗೆ ಕಾಗದ ಸುತ್ತಿದೆ.

ಕೆಲವೇ ದಿನ ಕಳೆದಿರಬೇಕು. ಅಂಗಡಿಗಳಿಗೆ ಬೆಳಗಿನ ಬ್ರೆಡ್ಡು ಹಾಕಿ ಬಂದ ನಮ್ಮೆಜಮಾನರು ವ್ಯಾನಿನಿಂದ ಇಳಿಯುತ್ತಲೇ, “ತಿರುವಲ್ಲಿ ಲಾರಿ ಹೊಡೆದು ಒಂದು ಜಿಂಕೆ ಸತ್ತು ಬಿದ್ದಿದೆ. ಕೆಚ್ಚಲಲ್ಲಿ ಹಾಲಿತ್ತು,” ಎಂದರು. ಅತ್ತೆ ಸೀದಾ ಅಡುಗೆಮನೆಯ ಕಿಟಕಿಗೆ ಹೋಗಿ ನಿಂತರು. ಅವತ್ತು ಸಂಜೆ ಯಾರೂ ಬರಲಿಲ್ಲ. ಮರಿ ಕತ್ತಲಾಗುವ ತನಕ ಸುಮ್ಮನಿದ್ದು ಆಮೇಲೆ ಕೂಗತೊಡಗಿತು. ಸಣ್ಣ ಪೀಪಿ ಊದಿದ ಹಾಗಿನ ಕೂಗು, ಎಡೆಬಿಡದೆ.

ಎದುರುಮನೆಯ ಆಡಿನಕ್ಕ ಆಡು ಸಾಕಿಕೊಂಡು ಒಂಟಿಯಾಗಿದ್ದಾಳೆ. ನಾಲಗೆಯಲ್ಲಿ ನನ್ನನ್ನೂ ಮೀರಿಸಿದವಳು ಎಂದರೆ ಸಾಕು. ಅತ್ತೆ ಅವಳ ಕಾಲು ಕೈ ಹಿಡಿದು ದಿನಾ ಎರಡು ಹೊತ್ತು ಆಡಿನ ಹಾಲು ಗೊತ್ತು ಮಾಡಿದರು. ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ ಕುಡಿಸಿದರು. ಮೊದಲು ಮೂತಿ ತಿರುಗಿಸಿದ್ದು ಆಮೇಲೆ ಬಾಟಲಿ ಕಂಡರೆ ಬಾಲ ಕುಣಿಸಿಕೊಂಡು ಓಡಿ ಬರತೊಡಗಿತು. ನಾನು ಹೆಸರಿಡೋಣವೆಂದೆ. “ಹೆಸರಿಟ್ರೆ ನಮ್ಮದಾಗ್ಬಿಡುತ್ತೆ. ಅದು ಕಾಡಿಂದು,” ಎಂದು ಅತ್ತೆ ಒಪ್ಪಲಿಲ್ಲ. ಹಾಗಾಗಿ ಮರಿ ಮರಿಯಾಗಿಯೇ ಉಳಿಯಿತು. ಹಗಲೆಲ್ಲ ಭಟ್ಟಿಯ ಗೋಡೆಗೆ ಒರಗಿ ಮಲಗುವುದು, ಸಂಜೆ ಅತ್ತೆಯ ಹಿಂದೆ ಬೇಲಿಯವರೆಗೆ ಹೋಗಿ ಚಿಗುರು ಕಚ್ಚುವುದು. ತಿಂಗಳು ಕಳೆಯುವಷ್ಟರಲ್ಲಿ ಇಳಿಜಾರಿನ ಮೇಲೆ ನಾಲ್ಕೈದು ಜಿಂಕೆಗಳ ಗುಂಪು ಮೇಯಲು ಬರತೊಡಗಿತು. ಮರಿ ಕಿವಿ ನಿಮಿರಿಸಿ ಅವುಗಳನ್ನೇ ನೋಡುತ್ತಿತ್ತು. ಅತ್ತೆ ಮರಿಯನ್ನು ನೋಡುತ್ತಿದ್ದರು.

ಮಾವನ ಕಥೆಗೆ ಬರುತ್ತೇನೆ. ಹಿತ್ತಿಲ ಬಾಗಿಲು ಸೆಕೆಗೆ ಸ್ವಲ್ಪ ತೆರೆದಿದ್ದ ಒಂದು ದಿನ ಮರಿ ಸೀದಾ ಭಟ್ಟಿಯ ಮನೆಯೊಳಗೆ ತಲೆ ತೂರಿಸಿತು. ನಾನು ಬನ್ನಿನ ತಟ್ಟೆಗೆ ಬಂದವಳು ನೋಡುತ್ತ ನಿಂತೆ. ಈಗ ಒದ್ದು ಓಡಿಸುತ್ತಾರೆ, ಅತ್ತೆ ಮನೆಗೆ ಬೆಂಕಿ ಹಚ್ಚುತ್ತಾರೆ ಎಂದುಕೊಂಡೆ. ಮರಿ ಹೆದರದೆ ಮುಂದೆ ಬಂದು ಮಾವನ ಮುಂಗೈ ನೆಕ್ಕಿತು. ಬೆವರಿನ ಉಪ್ಪು, ಹಿಟ್ಟಿನ ಉಪ್ಪು, ಅದಕ್ಕೇನು ಗೊತ್ತು ಆ ಕೈ ಯಾರದೆಂದು! ಮಾವ ಕದಲಲಿಲ್ಲ. ಕೈ ಹಿಂದೆ ತೆಗೆಯಲೂ ಇಲ್ಲ. ಆ ಕೈಯನ್ನು ಇನ್ನೊಂದು ಜೀವ ಮುಟ್ಟಿ ಎಷ್ಟು ಕಾಲವಾಗಿತ್ತೋ.

“ಏನ್ ಮಾವ, ಕೈಗೆ ಏನಾಯ್ತು?” ಎಂದೆ.

“ಏನಿಲ್ಲ. ನೊಣ.”

ಆವತ್ತಿನಿಂದ ನೊಣದ ಕಾಟ ಜಾಸ್ತಿಯಾಯಿತು. ಬ್ರೆಡ್ಡು ಒಳಗಿಟ್ಟ ಮೇಲೆ ತೋಳು ಮಡಚಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂರತೊಡಗಿದರು. ಅತ್ತೆ ಬರುವ ಸಪ್ಪಳವಾದರೆ ಕಳ್ಳನ ಹಾಗೆ ಎದ್ದು ಒಳಗೆ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಒಂದು ದಿನ ನನ್ನನ್ನು ನಿಲ್ಲಿಸಿ, ಹಿಟ್ಟು ನಾದುತ್ತಲೇ, “ಏನಮ್ಮಾ, ಮರಿ ಸುಖವಾಗಿ ಕಾಡು ಸೇರಿದ್ರೆ ನಿಮ್ಮತ್ತೆ ನನ್ನ ಹತ್ರ ಮಾತಾಡ್ತಾಳೆ ಅಂತೀಯಾ?” ಎಂದು ಕೇಳಿದರು.

“ಬೆಕ್ಕು ತೊಟ್ಟಿಯಿಂದ ಎದ್ದು ಬಂದ್ರೆ ಮಾತಾಡ್ತಾರೆ,” ಎಂದೆ.

ಅವರು ಬಯ್ಯಲಿಲ್ಲ. “ಅದೂ ಸರೀನೇ,” ಎಂದು ಹಿಟ್ಟು ತಿರುವಿ ಹಾಕಿದರು.

ಅಷ್ಟರಲ್ಲಿ ಅತ್ತೆಯ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಸುದ್ದಿ ಬಂತು. ಅತ್ತೆ ಹೋಗದೆ ವಿಧಿಯಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಹಿತ್ತಿಲಲ್ಲಿ ನಿಂತು ನನಗೆ ಪಾಠ ಒಪ್ಪಿಸಿದರು: ಹಾಲು ಉಗುರುಬೆಚ್ಚಗಿರಬೇಕು, ಸಂಜೆ ಬೇಲಿಯ ಹತ್ತಿರ ಬಿಡಬೇಕು, ಗುಂಪಿನ ಜೊತೆ ಹೊರಟರೆ ಕರೆಯಬಾರದು. “ಇವತ್ತೋ ನಾಳೆಯೋ ಹೋಗುತ್ತೆ. ನಾನು ನೋಡದಿದ್ರೂ ಚಿಂತೆಯಿಲ್ಲ, ಹೋದ್ರೆ ಸಾಕು,” ಎಂದರು. ಹೊರಟವರು ಭಟ್ಟಿಯ ಮನೆಯ ಬಾಗಿಲ ಹತ್ತಿರ ನಿಂತರು. ಒಳಗೆ ಮಾವ ಬೆನ್ನು ಹಾಕಿ ನಿಂತಿದ್ದರು. ಅತ್ತೆ ನನ್ನ ಕಡೆ ತಿರುಗಿ, “ನಿಮ್ಮ ಮಾವಂಗೆ ಹೇಳು, ಮರಿ ಮೇಲೆ ಒಂದು ಕಣ್ಣಿರ್ಲಿ ಅಂತ,” ಎಂದರು.

ಅಷ್ಟೂ ವರ್ಷದಲ್ಲಿ ಅವರು ಮಾವನಿಗೆ ಒಪ್ಪಿಸಿದ ಮೊದಲ ಕೆಲಸ ಅದು. “ಕೇಳಿಸ್ತಲ್ಲ?” ಎಂದೆ. ಮಾವ ತಲೆಯಾಡಿಸಿದರು. ಆಮೇಲೆ ಬಹಳ ಹೊತ್ತು ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಆಡಿನಕ್ಕ ಅರ್ಧ ಲೋಟ ಹಾಲು ತಂದಳು. ಆಡಿನ ಕೆಚ್ಚಲು ಬಾತುಕೊಂಡಿದೆ, ಇಷ್ಟೇ ಸಿಕ್ಕಿದ್ದು ಎಂದಳು. ಮರಿ ಒಂದೇ ಉಸಿರಿಗೆ ಅದನ್ನು ಮುಗಿಸಿ ಬಾಟಲಿಗೆ ಹಣೆ ಗುದ್ದಿತು. ಹಾಲಿಲ್ಲ. ಕೂಗತೊಡಗಿತು. ನಾನು ಅಂಗಡಿಗೆ ಹೋದೆ, ಬೆಳಗಿನ ಗಿರಾಕಿಗಳು ಬಾಗಿಲವರೆಗೆ ನಿಂತಿದ್ದರು. ಬ್ರೆಡ್ಡು ಖಾಲಿಯಾಗಿ ತಟ್ಟೆಗೆಂದು ಒಳಗೆ ಬಂದರೆ ಮಾವ ಚಿಕ್ಕ ಪಾತ್ರೆಯಲ್ಲಿ ಬೇರೆಯಾಗಿ ಹಿಟ್ಟು ಕಲಸುತ್ತಿದ್ದರು. ಒಳ್ಳೆಯ ಮೈದಾ, ಮನೆಗೆಂದು ಇಟ್ಟಿದ್ದ ಹಸುವಿನ ಹಾಲು, ಸಕ್ಕರೆ, ಬೆಣ್ಣೆ. ಉಪ್ಪು ಹಾಕಿದ ಕೈ ಅದೇ ಓಟದಲ್ಲಿ ಈಸ್ಟನ್ನೂ ಹಾಕಿತು. ಈಸ್ಟಿಲ್ಲದೆ ಹಿಟ್ಟು ಕಲಸಿ ಆ ಕೈಗೆ ಗೊತ್ತೇ ಇಲ್ಲ.

“ಯಾರಿಗೆ ಮಾವ ಈ ರಾಜೋಪಚಾರ?”

“ಮರಿಗೆ. ಕೂಗ್ತಿದೆ, ಕೇಳಿಸ್ತಿಲ್ವಾ ನಿಂಗೆ?”

“ಒಂದು ತುಂಡು ಬ್ರೆಡ್ ಹಾಕಿದ್ರೆ ಆಗ್ತಿರ್ಲಿಲ್ವಾ?”

“ಬೆಂದಿದ್ದು ಒರಟು. ಅದರ ಗಂಟಲು ನೋಡಿದ್ದೀಯಾ? ನನ್ನ ಹೆಬ್ಬೆರಳಷ್ಟಿಲ್ಲ. ಹಸೀದು ಮೆತ್ತಗಿರುತ್ತೆ, ಜಾರ್ಕೊಂಡು ಹೋಗುತ್ತೆ,” ಎಂದರು. ಸರಿಯೆಂದೇ ತೋರಿತು. ನಾನೂ ಆ ಹಿಟ್ಟಿನ ನಡುವೆಯೇ ಬದುಕಿದವಳು, ನನಗೂ ಬೇರೆ ಏನೂ ಹೊಳೆಯಲಿಲ್ಲ.

ಮೆಟ್ಟಿಲ ಮೇಲೆ ಕೂತು ಗೋಲಿಯಷ್ಟು ಗೋಲಿಯಷ್ಟು ಉಂಡೆ ಮಾಡಿ ಬಾಯಿಗಿಟ್ಟರು. ಸಿಹಿ ಹತ್ತಿದ್ದೇ ತಡ, ಮರಿ ಗಬಗಬ ತಿಂದಿತು. ಅಂಗೈ ನೆಕ್ಕಿತು, ತೊಡೆಗೆ ಗುದ್ದಿ ಇನ್ನೂ ಕೇಳಿತು. ಮಾವ ನಕ್ಕರು. ಅವರ ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ ಎಂದು ನನಗೆ ಗೊತ್ತಾಗಿದ್ದೇ ಆವತ್ತು. “ತಿನ್ನು ಕಂದಾ, ತಿನ್ನು,” ಎಂದರು. “ಅವಳು ಬರೋ ಹೊತ್ತಿಗೆ ದುಂಡಗಾಗಿರ್ಬೇಕು ನೀನು.”

ಕಂದಾ! ನನ್ನ ಬೆನ್ನ ಹಿಂದೆ ಖಾಲಿ ಟ್ರೇ ಹಿಡಿದು ನಮ್ಮೆಜಮಾನರು ನಿಂತಿದ್ದರು. ಅವರ ಮುಖ ನೋಡಿದೆ. ಟ್ರೇಗಳನ್ನು ಸದ್ದಾಗದ ಹಾಗೆ ಕೆಳಗಿಟ್ಟು ಹೊರಗೆ ಹೋದರು.

ಹೊಟ್ಟೆ ತುಂಬಿದ ಮರಿ ಎಂದಿನಂತೆ ಭಟ್ಟಿಯ ಗೋಡೆಗೆ ಒರಗಿ ಮಲಗಿತು. ಗೋಡೆ ಹದವಾಗಿ ಬೆಚ್ಚಗಿತ್ತು. ಒಳಗೆ, ಅದೇ ಭಟ್ಟಿಯ ಈಚೆ ಬದಿಯಲ್ಲಿ, ಮಾವ ಮರುದಿನದ ಹಿಟ್ಟನ್ನು ಬಟ್ಟೆ ಮುಚ್ಚಿ ಇಟ್ಟಿದ್ದರು. ಹಿಟ್ಟು ಉಬ್ಬಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮಧ್ಯಾಹ್ನ ಕಳೆದ ಮೇಲೆ ಮಾವ ನನ್ನನ್ನು ಕೂಗಿದರು. ಆ ದನಿ ಕೇಳಿಯೇ ಗಲ್ಲಾ ಬಿಟ್ಟು ಓಡಿದೆ. ಹೋಗಿ ನೋಡಿದರೆ ಮರಿ ಕತ್ತು ಚಾಚಿ, ಹಲ್ಲು ಕಡಿಯುತ್ತ, ಏಳಲು ಹೋಗಿ ಬೀಳುತ್ತಿತ್ತು. ಎಡಗಡೆಯ ಪಕ್ಕೆ ಗಾಳಿ ತುಂಬಿದ ಚೆಂಡಿನ ಹಾಗೆ ಎದ್ದು ನಿಂತಿತ್ತು, ಚರ್ಮದ ಚುಕ್ಕಿಗಳು ಹಿಗ್ಗಿ ಅಗಲವಾಗಿದ್ದವು. ಮಾವ ಮಂಡಿಯೂರಿದರು. ಹಿಟ್ಟು ಹದಕ್ಕೆ ಬಂತೇ ಎಂದು ದಿನಾ ನೋಡುತ್ತಾರಲ್ಲ, ಎರಡು ಬೆರಳಿಂದ ಒತ್ತಿ ಬಿಡುವುದು, ಗುಳಿ ಮೆಲ್ಲಗೆ ಮೇಲೆ ಬಂದರೆ ಆಯಿತು ಎಂದರ್ಥ. ಹಾಗೆಯೇ ಎರಡು ಬೆರಳಿಂದ ಮರಿಯ ಪಕ್ಕೆಯನ್ನು ಒತ್ತಿದರು. ಬಿಟ್ಟರು. ನೋಡಿದರು.

“ಉಬ್ಬಿದೆ,” ಎಂದರು, ಯಾವುದೋ ತೊಟ್ಟಿಯ ಹಿಟ್ಟಿನ ಬಗ್ಗೆ ಹೇಳುವ ಹಾಗೆ. ಆಮೇಲೆ ಅವರಿಗೆ ತಾವು ಹೇಳಿದ್ದು ಅರ್ಥವಾಯಿತು. ನಾನು ಜನ್ಮದಲ್ಲಿ ಮನುಷ್ಯರ ಮುಖ ಹಾಗಾಗಿದ್ದನ್ನು ನೋಡಿಲ್ಲ. “ಅಯ್ಯೋ. ಅಯ್ಯೋ, ನಾನೇನು ಮಾಡ್ಬಿಟ್ಟೆ. ಒಳಗೆ ಉಬ್ತಿದೆ ಕಣಮ್ಮಾ, ಒಳಗೇ ಉಬ್ತಿದೆ!”

ನಮ್ಮೆಜಮಾನರು ವ್ಯಾನು ತೆಗೆದುಕೊಂಡು ದನದ ಡಾಕ್ಟರರ ಮನೆಗೆ ಓಡಿದರು. ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಆಡಿನಕ್ಕ ಬಂದು ಎಣ್ಣೆ ಕುಡಿಸಿ ಎಂದಳು, ಕುಡಿಸಿದೆವು. ನಡೆಸಿ ಎಂದಳು, ಇಬ್ಬರು ಎತ್ತಿ ಹಿಡಿದು ನಡೆಸಿದೆವು, ಕಾಲುಗಳು ಒಂದೊಂದಾಗಿ ಮಡಚಿಕೊಂಡವು. ಮಾವ ಎರಡೂ ಅಂಗೈಯಿಂದ ಹೊಟ್ಟೆ ಒತ್ತಿದರು. ಹಿಟ್ಟಿನ ಗಾಳಿ ತೆಗೆಯಲು ಅವರು ಮುಷ್ಟಿ ಕಟ್ಟಿ ಗುದ್ದುತ್ತಾರೆ. ಇದನ್ನು ಗುದ್ದುವಂತಿರಲಿಲ್ಲ. ಒತ್ತಿದ ಹಾಗೆಲ್ಲ ಮರಿ ಅದೇ ಪೀಪಿಯ ದನಿಯಲ್ಲಿ ಕೂಗಿತು, ಕೂಗಲೂ ಉಸಿರಿಲ್ಲದಾಗ ಅವರ ಮುಂಗೈ ಮೇಲೆ ನಾಲಗೆ ಚೆಲ್ಲಿತು. ಸೂರ್ಯ ಮುಳುಗುವ ಮೊದಲೇ ಎಲ್ಲ ಮುಗಿಯಿತು. ತಲೆ ಎತ್ತಿದರೆ ಬೇಲಿಯಾಚೆ ಜಿಂಕೆಗಳ ಗುಂಪು ಮೇಯಲು ಇಳಿದಿತ್ತು. ಆವತ್ತು ಹಿಂದೆಂದಿಗಿಂತ ಹತ್ತಿರ ಬಂದಿದ್ದವು.

ಆಡಿನಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. “ಏನು ಹಾಕಿದ್ರಿ ಇದಕ್ಕೆ?” ಎಂದಳು. ಮಾವ ಹೇಳಿದರು. ಅವಳು ಅವರನ್ನು ಮೇಲಿಂದ ಕೆಳಗೆ ನೋಡಿ, “ಹೆಂಡ್ತಿ ಬೆನ್ನು ತಿರುಗಿಸೋದನ್ನೇ ಕಾಯ್ತಿದ್ರಿ ಅನ್ನಿ,” ಎಂದು ಹೊರಟುಹೋದಳು. ತೋಳ ಬಿದ್ದರೆ ಆಳಿಗೊಂದು ಕಲ್ಲು. ಕತ್ತಲಾಗುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಯಿತು: ಹುಳಿಯಪ್ಪ ಹೆಂಡತಿ ಊರಲ್ಲಿಲ್ಲದಾಗ ಜಿಂಕೆಮರಿಗೆ ಹಸಿಹಿಟ್ಟು ತಿನ್ನಿಸಿ ಕೊಂದ.

ಊಟಕ್ಕೆ ಯಾರೂ ಕೂರಲಿಲ್ಲ. ನಮ್ಮೆಜಮಾನರು, “ಅಮ್ಮಂಗೆ ಕಾಡಿಗೆ ಹೋಯ್ತು ಅಂದ್ಬಿಡೋಣ,” ಎಂದರು. ನನಗೂ ಅದೇ ಸರಿ ಎನ್ನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಾವ ಮಾತ್ರ, “ಬೇಡ,” ಎಂದರು. “ಮುಳುಗಿಸಿದಾಗ ಮುಳುಗಿಸಿದೆ ಅಂದೋನು ನಾನು. ಇದನ್ನೂ ನಾನೇ ಹೇಳ್ತೀನಿ. ನಿಜ ಹೇಳಿದ್ರೆ ಅವಳಿಗೆ ಅರ್ಥವಾಗುತ್ತೆ.” ಬೇಲಿಯಾಚೆ ತಾವೇ ಗುಂಡಿ ತೋಡಿದರು. ಯಾರನ್ನೂ ಹತ್ತಿರ ಬಿಡಲಿಲ್ಲ.

ಅತ್ತೆ ಬಸ್ಸಿಳಿದು ಬರುವಾಗ ಆಡಿನಕ್ಕ ಬೀದಿಯ ತುದಿಯಲ್ಲೇ ಹಿಡಿದುಕೊಂಡಿದ್ದಳು. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಅತ್ತೆ ಒಳಗೆ ಬಂದಾಗಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಚೀಲವನ್ನು ಕೂಡ ಕೆಳಗಿಡದೆ ಅಂಗಡಿ, ಮೈದಾ ಕೋಣೆ, ಭಟ್ಟಿಯ ಮನೆ ಎಲ್ಲ ದಾಟಿ ಹಿತ್ತಿಲಿಗೆ ಹೋದರು. ಗೋಡೆಯ ಬುಡದಲ್ಲಿ ಹುಲ್ಲು ಮರಿಯ ಮೈಯ ಅಳತೆಗೆ ಮಲಗಿತ್ತು. ಅದನ್ನೇ ನೋಡುತ್ತ ನಿಂತರು.

ಮಾವ ಮೆಟ್ಟಿಲಿಗೆ ಬಂದರು. ನನ್ನ ಕಡೆ ನೋಡಲಿಲ್ಲ. ಅಷ್ಟು ವರ್ಷಗಳ ಮೇಲೆ ನಡುವೆ ನಾನಿಲ್ಲದೆ ಹೆಂಡತಿಯ ಮುಂದೆ ಬಾಯಿ ತೆರೆದರು. “ನಾನು ಬೇಕಂತ ಮಾಡ್ಲಿಲ್ಲ ಕಣೇ. ಹಾಲಿರ್ಲಿಲ್ಲ, ಹಸಿದು ಕೂಗ್ತಿತ್ತು. ಒಳ್ಳೇ ಹಿಟ್ಟು, ಹಾಲು ಬೆಣ್ಣೆ ಹಾಕಿ ಕಲಸಿದ್ದೆ. ನೀನು ಬಂದಾಗ ದುಂಡಗೆ ಕಾಣ್ಲಿ ಅಂತ...”

ಅತ್ತೆ ನನ್ನ ಕಡೆ ತಿರುಗುತ್ತಾರೆ, “ನಿಮ್ಮ ಮಾವಂಗೆ ಹೇಳು” ಎನ್ನುತ್ತಾರೆ ಎಂದು ಕಾದೆ. ಅವರು ತಿರುಗಲಿಲ್ಲ. ಗಂಡನ ಮುಖವನ್ನೇ ನೋಡಿ ಹೇಳಿದರು: “ಬೆಕ್ಕನ್ನ ಕೊಂದ ದಿನ ನೀವು ನಿಜ ಹೇಳಿದ್ರಿ. ಅಷ್ಟಾದ್ರೂ ಮರ್ಯಾದೆ ಇತ್ತು ನಿಮಗೆ. ಜೀವಮಾನವೆಲ್ಲ ಹಿಟ್ಟು ಕಲಸಿದೋರಿಗೆ ಹಿಟ್ಟು ಉಬ್ಬುತ್ತೆ ಅಂತ ಗೊತ್ತಿರ್ಲಿಲ್ವಾ?”

ಮಾವನಿಗೆ ಹೊಳೆಯಲೇ ಇಲ್ಲ ಎಂದರೆ ಊರಲ್ಲಿ ಯಾರು ನಂಬುತ್ತಾರೆ? ನನಗೆ ತಡೆಯಲಾಗಲಿಲ್ಲ. “ಅತ್ತೆ, ನಾನು ಕಣ್ಣಾರೆ ನೋಡಿದ್ದೀನಿ. ಪ್ರೀತಿಯಿಂದ ತಿನ್ನಿಸಿದ್ರು. ಅದನ್ನ ಕಂದಾ ಅಂತ ಕರೆದ್ರು. ಇವರೂ ನನ್ನ ಹಿಂದೇನೇ ನಿಂತಿದ್ರು,” ಎಂದೆ.

“ಕಂದಾ?” ಅತ್ತೆ ನಕ್ಕರು, ಆ ನಗು ಕೇಳಬಾರದು. “ಸುಳ್ಳು ಹೇಳೋಕೂ ಬರಲ್ವಲ್ಲೇ ನಿಂಗೆ. ಆ ಮಾತು ಆ ಬಾಯಲ್ಲಿ ಯಾವತ್ತು ಇತ್ತು?” ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ನೋಡಿದರು. “ನೀನೂ ಇದ್ಯಂತಲ್ಲ. ನಿಂಗೆ ಕೇಳಿಸ್ತೇನೋ?”

ಮಾವ ಮಗನನ್ನು ನೋಡಿದರು. ಆ ನೋಟ ಬೇಡುವ ನೋಟ. ಅವರು ಯಾರ ಹತ್ತಿರವೂ ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ.

“ಇಲ್ಲಮ್ಮ,” ಎಂದರು ನಮ್ಮೆಜಮಾನರು.

ಆ ದಿನ ಅವರನ್ನು ಕೋಣೆಗೆ ಎಳೆದುಕೊಂಡು ಹೋಗಿ ಜಾಡಿಸಿದೆ. “ನಿಮ್ಮ ಕಿವೀಗೇನಾಗಿತ್ತು? ಹಿಂದೇನೇ ನಿಂತಿದ್ರಲ್ಲ! ಕೇಳಿಸ್ಲಿಲ್ವಾ?” ಅವರು ಬ್ರೆಡ್ಡಿನ ವ್ಯಾನಿನ ಬೀಗದ ಕೈಯನ್ನು ತಿರುಗಿಸುತ್ತ ಕೂತಿದ್ದರು. “ನನಗೆ ಹೇಳಿದ್ದಿದ್ರೆ ಕೇಳಿಸ್ತಿತ್ತು,” ಎಂದರು. ನನ್ನ ಬಾಯಿ ಮುಚ್ಚಿಸಿದವರು ಈ ಮನೆಯಲ್ಲಿ ಯಾರೂ ಇಲ್ಲ, ಅವತ್ತು ಮುಚ್ಚಿಸಿದರು.

ಮರುದಿನ ಬೆಳಕು ಹರಿಯುವಾಗ ಅತ್ತೆ ಭಟ್ಟಿಯ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತರು. ಬೇಡಿಕೊಂಡದ್ದು ಕೊನೆಗೂ ಸಿಕ್ಕಿತು ನಮ್ಮ ಮಾವನಿಗೆ: ಹೆಂಡತಿ ನೇರವಾಗಿ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಯ ಹೆಂಗಸು ದಿನದ ಕೆಲಸ ವಿಚಾರಿಸುವ ಹಾಗೆಯೇ ಇತ್ತು.

“ಹಿಟ್ಟು ಉಬ್ಬಿತಾ?”

ಮಾವ ತಿರುಗಿ ನೋಡಿದರು. “ಉಬ್ಬಿತು,” ಎಂದರು. ಅತ್ತೆ ತಲೆಯಾಡಿಸಿ ಹೋದರು. ಅದರ ಮರುದಿನವೂ ಬಂದರು. ಅದರ ಮರುದಿನವೂ. ಬೇರೆ ಒಂದು ಮಾತಿಲ್ಲ, ಉಪ್ಪಿನ ಮಾತೂ ಇಲ್ಲ. ನನ್ನ ಅಂಚೆ ಕೆಲಸ ಹೋಯಿತು. ಆ ಪ್ರಶ್ನೆ ಬೇಡವೆಂದು ಅತ್ತೆಗೆ ಒಮ್ಮೆ ಹೇಳಿ ನೋಡಿದೆ. “ಮಾತಾಡ್ಲಿ ಅಂತ ನೀವೇ ಎಲ್ಲಾ ಕಾಯ್ತಿದ್ರಲ್ಲ, ಮಾತಾಡ್ತಿದ್ದೀನಿ,” ಎಂದರು.

ಈ ವರ್ಷ ಮಾವ ಬ್ರೆಡ್ಡು ಬನ್ನು ಎರಡನ್ನೂ ನಿಲ್ಲಿಸಿಬಿಟ್ಟರು. ಗಿರಾಕಿಗಳು ಕೂಗಾಡಿದರು, ನಾನೂ ಕೂಗಾಡಿದೆ. ಕೈ ನೋವು, ಇನ್ನು ನಾದಲಾಗುವುದಿಲ್ಲ ಎಂದರು. ಈಗ ಬರೀ ಬಿಸ್ಕತ್ತು. ಹಿಟ್ಟು, ಬೆಣ್ಣೆ, ಸಕ್ಕರೆ, ಅಷ್ಟೆ, ಉಬ್ಬುವ ಮಾತೇ ಇಲ್ಲ. ಈಸ್ಟಿನ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದಾರೆ. ಯಾಕೆಂದು ನನಗೆ ಗೊತ್ತು, ಅತ್ತೆಗೂ ಗೊತ್ತು.

ಇವತ್ತು ಬೆಳಿಗ್ಗೆ ನಾನು ತಟ್ಟೆಗಳಿಗೆ ಕಾಗದ ಹಾಸುತ್ತಿದ್ದೆ. ಮಾವ ಬಿಸ್ಕತ್ತಿನ ಹಿಟ್ಟನ್ನು ಹಲಗೆಯ ಮೇಲೆ ಲಟ್ಟಿಸಿ ತೆಳ್ಳಗೆ ಹರಡಿದ್ದರು. ಅತ್ತೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಹಲಗೆಯನ್ನು ನೋಡಿದರು, ಬೋರಲು ಹಾಕಿದ ಡಬ್ಬಿಯನ್ನೂ ನೋಡಿದರು.

“ಹಿಟ್ಟು ಉಬ್ಬಿತಾ?”

ಮಾವ ತಲೆ ಎತ್ತಲಿಲ್ಲ.

“ಉಬ್ಬಿತು,” ಎಂದರು.